ಬಾಣಂತಿ ಕೋಣೆಗೆ ಕಬ್ಬಿಣದ ಒಲೆ ಬೇಡ, ಬಚ್ಚಲೊಲೆ ಸರಿಮಾಡಿಸಿ

ಪ್ರಶ್ನೆ: ಶಿರಸಿಯಿಂದ ಸಿದ್ದಾಪುರದ ಕಡೆಗೆ ಹೋಗುವ ದಾರಿಯಲ್ಲಿ, ತೋಟದ ಅಂಚಿಗೆ ನಮ್ಮ ಹಂಚಿನ ಮನೆ. ಮಗಳು ನವೆಂಬರ್ ಕೊನೆಗೆ ಬಾಣಂತನಕ್ಕೆ ಬರುತ್ತಾಳೆ. ಚಳಿಗಾಲದಲ್ಲಿ ಕೋಣೆ ಬೆಚ್ಚಗಿರಬೇಕಲ್ಲ. ನಮ್ಮಲ್ಲಿ ಅಗ್ಗಿಷ್ಟಿಕೆಯಲ್ಲಿ ಕೆಂಡ ಇಡುವುದು ರೂಢಿ. ಅಳಿಯ ಕೆಲವು ವರ್ಷ ಕೆನಡಾದಲ್ಲಿ ಇದ್ದವರು. ಅಲ್ಲಿನಂತೆ ಕಬ್ಬಿಣದ ಕಟ್ಟಿಗೆ ಒಲೆಯೊಂದನ್ನು ತರಿಸಿ ಕೋಣೆಯಲ್ಲೇ ಇಡೋಣ ಎನ್ನುತ್ತಾರೆ. ಇನ್ನೊಂದು ತೊಂದರೆ ಬಚ್ಚಲೊಲೆಯದು. 80 ಲೀಟರಿನ ತಾಮ್ರದ ಹಂಡೆ ಕಾಯಲು ಬುಟ್ಟಿಗಟ್ಟಲೆ ಕಟ್ಟಿಗೆ ಬೇಕು, ಹೊಗೆ ಒಳಗೇ ತುಂಬುತ್ತದೆ, ಸಿಮೆಂಟ್ ಪೈಪಿನ ಚಿಮಣಿಯಿಂದ ಗೋಡೆಗೆ ಕಪ್ಪು ನೀರು ಇಳಿಯುತ್ತದೆ. ಬಚ್ಚಲಮನೆಗೂ ಮುಚ್ಚಿಗೆ (ಹಲಗೆಯ ಒಳಮಾಡು) ಇರುವ ಬಾಣಂತಿ ಕೋಣೆಗೂ ನಡುವೆ ಒಂದೇ ಗೋಡೆ. ಏನು ಮಾಡಿದರೆ ಒಳ್ಳೆಯದು?

ಉತ್ತರ: ಮೊದಲು ಅಗ್ಗಿಷ್ಟಿಕೆಯ ವಿಚಾರ. ಉಳಿದದ್ದಕ್ಕೆ ಇನ್ನೂ ಸಮಯವಿದೆ, ಇದನ್ನು ಮಾತ್ರ ಇವತ್ತೇ ತೀರ್ಮಾನ ಮಾಡಿ. ಕೆಂಡಕ್ಕೆ ಹೊಗೆಯಿಲ್ಲ, ಹಾಗಾಗಿ ಅಪಾಯವಿಲ್ಲ ಎಂದು ಎಲ್ಲರೂ ತಿಳಿದಿದ್ದಾರೆ. ಆದರೆ ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಬರುತ್ತಲೇ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣನ್ನೂ ಉರಿಸುವುದಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ತಲೆನೋವು, ವಾಕರಿಕೆ, ಮಂಪರು ಬಂದರೆ ಬಾಣಂತಿಗೆ ಸುಸ್ತು ಎಂದುಕೊಂಡು ಇನ್ನಷ್ಟು ಹೊದೆಸಿ ಬಾಗಿಲು ಹಾಕಿಬಿಡುತ್ತಾರೆ. ಹಿಂದಿನವರು ಕೆಂಡ ಇಟ್ಟೂ ಬದುಕಿದ್ದು ಹಂಚಿನ ಸಂದಿ, ಮರದ ಕಿಟಕಿಯ ಬಿರುಕುಗಳ ದೆಸೆಯಿಂದ. ಈಗ ಅದೇ ಕೋಣೆಗೆ ಸ್ಲೈಡಿಂಗ್ ಕಿಟಕಿ ಬಂದಿದೆ, ಬಾಗಿಲಿನ ಅಡಿಗೆ ರಬ್ಬರ್ ಪಟ್ಟಿ ಬಂದಿದೆ. ಮಲಗುವ ಕೋಣೆಯೊಳಗೆ ಕೆಂಡ ಬೇಡ, ಮಂಚದ ಅಡಿಗಂತೂ ಬೇಡವೇ ಬೇಡ. ಮಿಂದ ಮೇಲೆ ಧೂಪದ ಹೊಗೆ ಹಾಕುವ ಪದ್ಧತಿ ಬಿಡಲಾರಿರಾದರೆ ಜಗಲಿಯಲ್ಲಿ, ಬಾಗಿಲು ತೆರೆದಿಟ್ಟು, ಮಗುವನ್ನು ದೂರವಿಟ್ಟು ಮಾಡಿ.

ಇನ್ನು ಅಳಿಯನವರ ಸಲಹೆ. ಕೆನಡಾದ ಮನೆಗೆ ಆ ಒಲೆ ಸರಿ. ಹೊರಗೆ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ, ಒಳಗೆ ಇಪ್ಪತ್ತು ಡಿಗ್ರಿ ಬೇಕು. ನಲವತ್ತು ಡಿಗ್ರಿಯ ಅಂತರವನ್ನು ಹಗಲೂ ರಾತ್ರಿ ತುಂಬುವ ಕೆಲಸ ಅದರದು. ಮನೆಯೂ ಅದಕ್ಕೆ ತಕ್ಕಂತೆ ಗೋಡೆ-ಮಾಡುಗಳಲ್ಲಿ ದಪ್ಪ ಹೊದಿಕೆ ಹಾಕಿ, ಸಂದಿ ಮುಚ್ಚಿ ಕಟ್ಟಿದ್ದು. ಶಿರಸಿಯಲ್ಲಿ ಜನವರಿಯ ಬೆಳಗಿನ ಜಾವ ಹೊರಗೆ ಹದಿನಾಲ್ಕರ ಆಸುಪಾಸು ಇದ್ದೀತು. ನಿಮಗೆ ಬೇಕಾದದ್ದು ಐದಾರು ಡಿಗ್ರಿ ಏರಿಕೆ, ಅದೂ ಒಂದು ಕೋಣೆಗೆ. ಹನ್ನೆರಡು ಅಡಿ ಉದ್ದ, ಹನ್ನೆರಡು ಅಡಿ ಅಗಲದ ಮುಚ್ಚಿಗೆ ಕೋಣೆಗೆ ಎರಡು ಹೊರಗೋಡೆ ಇವೆ ಎಂದು ಲೆಕ್ಕ ಹಾಕಿದರೆ ಅರ್ಧದಿಂದ ಮುಕ್ಕಾಲು ಕಿಲೋವ್ಯಾಟ್ ಶಾಖ ಸಾಕು. ಸಣ್ಣದೆನ್ನುವ ಕಬ್ಬಿಣದ ಒಲೆಯೂ ಐದಾರು ಕಿಲೋವ್ಯಾಟಿನದು. ಅದನ್ನು ಚೆನ್ನಾಗಿ ಉರಿಸಿದರೆ ಕೋಣೆಯಲ್ಲಿ ಕೂರಲಾಗದು. ಗಾಳಿ ಮುಚ್ಚಿ ಸಣ್ಣಗೆ ಇಟ್ಟರೆ ಕಟ್ಟಿಗೆ ಉರಿಯದೆ ಬೇಯುತ್ತದೆ, ಅದರ ಟಾರು ಚಿಮಣಿಗೆ ಅಂಟುತ್ತದೆ. ಸಾಲದ್ದಕ್ಕೆ, ರಕ್ಷಣಾ ತಗಡು ಇಲ್ಲದಿದ್ದರೆ ಮರದ ಗೋಡೆ, ಕಂಬ, ಪೀಠೋಪಕರಣಗಳಿಂದ ಮೂರು ಅಡಿ ದೂರ ಬಿಡಬೇಕು. ಮುಚ್ಚಿಗೆಯ ಹಲಗೆ, ಮೇಲೆ ಹಂಚು ಹೊರುವ ಪಕಾಸು-ರೀಪಿನ ಮರ ಎರಡನ್ನೂ ತೂರಿ ಜೋಡಿ ಗೋಡೆಯ ಚಿಮಣಿ ಒಯ್ಯಬೇಕು; ಅಷ್ಟು ಉದ್ದದ ಚಿಮಣಿಗೆ ಒಲೆಗಿಂತ ಹೆಚ್ಚು ದುಡ್ಡು ಬೀಳುತ್ತದೆ. ಒಲೆ ಕೆಟ್ಟದ್ದಲ್ಲ, ನಿಮ್ಮ ಕೋಣೆಗೆ ಅದು ಹೊಂದುವುದಿಲ್ಲ.

ಮುಚ್ಚಿಗೆ ಕೋಣೆ ಇದೆ ಎಂದಿರಿ, ಅರ್ಧ ಕೆಲಸ ಅಲ್ಲೇ ಮುಗಿಯಿತು. ಹಲಗೆಯ ಮೇಲೆ ಮಣ್ಣು ಹೊದೆಸಿದ ಆ ಮುಚ್ಚಿಗೆ ಬಿಸಿಗಾಳಿಯನ್ನು ಹಂಚಿನ ಸಂದಿಗೆ ಬಿಡದೆ ತಡೆಯುತ್ತದೆ. ಇನ್ನರ್ಧ ಬಚ್ಚಲೊಲೆಯದು. ಫಿನ್‌ಲೆಂಡ್, ರಷ್ಯಾದ ಹಳೆಯ ಮನೆಗಳಲ್ಲಿ ಇಡೀ ರಾತ್ರಿ ಬೆಂಕಿ ಕಾಯುವುದಿಲ್ಲ. ದೊಡ್ಡ ಇಟ್ಟಿಗೆ ಒಲೆಯಲ್ಲಿ ಒಂದೆರಡು ತಾಸು ಜೋರಾಗಿ ಉರಿಸಿ ಬಿಡುತ್ತಾರೆ, ಇಟ್ಟಿಗೆ ಶಾಖವನ್ನು ಹಿಡಿದಿಟ್ಟು ನಿಧಾನವಾಗಿ ಕೊಡುತ್ತದೆ. ನಿಮ್ಮಲ್ಲೂ ಅದೇ ಆಗಬಹುದು. ಒಲೆಯ ಸುತ್ತಲಿನ 300 ಕಿಲೋ ಇಟ್ಟಿಗೆ 50 ಡಿಗ್ರಿ ಬಿಸಿಯೇರಿದರೆ ಅದರಲ್ಲಿ 3,000 ಕಿಲೋ ಕ್ಯಾಲೊರಿ, ಅಂದರೆ ಸುಮಾರು ಮೂರೂವರೆ ಯೂನಿಟ್ ವಿದ್ಯುತ್ತಿನಷ್ಟು ಶಾಖ ಕೂತಿರುತ್ತದೆ. ಅರ್ಧವೇ ಕೋಣೆಯ ಕಡೆ ಬಂದರೂ ನಿಮಗೆ ಉಪಯೋಗ. ಒಂಬತ್ತು ಇಂಚಿನ ಇಟ್ಟಿಗೆ ಗೋಡೆಯನ್ನು ಶಾಖ ದಾಟಲು ಆರೇಳು ತಾಸು ಬೇಕು. ಸಂಜೆ ಆರಕ್ಕೆ ಹಚ್ಚಿದ ಬೆಂಕಿಯ ಬಿಸಿ ಕೋಣೆಯ ಗೋಡೆಗೆ ಬರುವುದು ನಡುರಾತ್ರಿಗೆ, ಬೆಳಗಿನ ಜಾವದವರೆಗೆ ಇರುತ್ತದೆ. ಬೇಕಾದ ಹೊತ್ತೂ ಅದೇ.

ಹಾಗಾದರೆ ಬಚ್ಚಲೊಲೆಗೆ ಏನಾಗಿದೆ? 80 ಲೀಟರ್ ನೀರನ್ನು 22 ಡಿಗ್ರಿಯಿಂದ 60ಕ್ಕೆ ಏರಿಸಲು ಸುಮಾರು 3,000 ಕಿಲೋ ಕ್ಯಾಲೊರಿ ಬೇಕು. ಚೆನ್ನಾಗಿ ಒಣಗಿದ, ನೂರಕ್ಕೆ 20ರಷ್ಟು ನೀರಿರುವ ಒಂದು ಕಿಲೋ ಕಟ್ಟಿಗೆಯಲ್ಲಿ 3,400ರಷ್ಟಿದೆ. ಲೆಕ್ಕಕ್ಕೆ ಒಂದು ಕಿಲೋ ಕೂಡ ಬೇಡ! ತೆರೆದ ಬಾಯಿಯ ಹಳೆ ಒಲೆಯಲ್ಲಿ ನೂರಕ್ಕೆ ಹತ್ತು-ಹದಿನೈದು ಪಾಲು ಮಾತ್ರ ನೀರಿಗೆ ಮುಟ್ಟುವುದರಿಂದ ಆರರಿಂದ ಒಂಬತ್ತು ಕಿಲೋ ಹೋಗುತ್ತದೆ. ಸರಿಯಾಗಿ ಕಟ್ಟಿದರೆ ಎರಡೂವರೆ, ಮೂರು ಕಿಲೋದಲ್ಲಿ ಮುಗಿಯಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರದವರು ಅಡುಗೆಗೆ ರೂಪಿಸಿದ ಅಸ್ತ್ರ ಒಲೆಯನ್ನು ನೀವು ನೋಡಿರಬಹುದು. ಬೆಂಕಿಯ ಅಡಿಗೆ ಜಾಲರಿ, ಮುಚ್ಚಿದ ಉರಿಗೂಡು, ಪಾತ್ರೆಗೆ ಒತ್ತಿಕೊಂಡು ಹೋಗುವ ಬಿಸಿಗಾಳಿ, ಕೊನೆಗೆ ಚಿಮಣಿ ಎನ್ನುವ ಅದರ ಕ್ರಮವೇ ಹಂಡೆಗೂ ಒಗ್ಗುತ್ತದೆ.

ಹೊಗೆ ತುಂಬಿತೆಂದರೆ ಎಲ್ಲರೂ ಮೊದಲು ಚಿಮಣಿಯನ್ನು ಎತ್ತರಿಸುತ್ತಾರೆ. ನಾನು ಹೇಳುವ ಕ್ರಮ ತಿರುಗಾಮುರುಗಾ: ಕಟ್ಟಿಗೆ ಮೊದಲು, ಆಮೇಲೆ ಉರಿಗೂಡು, ಆಮೇಲೆ ಹಂಡೆಯ ಸುತ್ತಲಿನ ಸಂದು, ಚಿಮಣಿ ಕೊನೆಗೆ.

ಕಟ್ಟಿಗೆ

ಹಸಿ ಮರದಲ್ಲಿ ತೂಕದ ನೂರಕ್ಕೆ 40ರಿಂದ 50 ಪಾಲು ನೀರು. ಅರ್ಧ ನೀರೇ ಇರುವ ಒಂದು ಕಿಲೋ ಕಟ್ಟಿಗೆಯಲ್ಲಿ ನಿಮಗೆ ದಕ್ಕುವುದು 1,900 ಕಿಲೋ ಕ್ಯಾಲೊರಿ ಮಾತ್ರ. ಶಾಖ ಕಡಿಮೆಯಾಗುವುದು ಅಷ್ಟು ದೊಡ್ಡ ನಷ್ಟವಲ್ಲ. ಒಣಮರದ ಮುಕ್ಕಾಲು ಪಾಲು ಕಾಯಿಸಿದಾಗ ಅನಿಲವಾಗಿ ಹೊರಡುತ್ತದೆ, ಕಾಲು ಪಾಲಷ್ಟೇ ಕೆಂಡವಾಗುವುದು. ಆ ಅನಿಲ ಹೊತ್ತಿಕೊಳ್ಳಲು 600 ಡಿಗ್ರಿಯಷ್ಟು ಬಿಸಿ ಬೇಕು. ನೀರು ಆವಿಯಾಗುತ್ತಿರುವ ತನಕ ಉರಿಗೂಡು ಅಷ್ಟು ಕಾಯುವುದೇ ಇಲ್ಲ, ಅನಿಲ ಉರಿಯದೆ ಹಾಗೆಯೇ ಎದ್ದು ಹೋಗುತ್ತದೆ. ನಿಮ್ಮ ಬಚ್ಚಲಲ್ಲಿ ತುಂಬುವ ಹೊಗೆ, ಗೋಡೆಗೆ ಇಳಿಯುವ ಕಪ್ಪು ನೀರು ಎರಡೂ ಅದೇ.

ಕಟ್ಟಿಗೆ ಸೀಳುವುದು ಜನವರಿ–ಫೆಬ್ರುವರಿಯಲ್ಲಿ ಮುಗಿಯಬೇಕು. ನಮ್ಮಲ್ಲಿ ಬಹಳ ಮಂದಿ ಏಪ್ರಿಲ್‌ನಲ್ಲಿ ದಿಮ್ಮಿ ತಂದು ಕೊಟ್ಟಿಗೆಗೆ ಒಟ್ಟಿ, ಜೂನ್‌ನಲ್ಲಿ ಬೇಕಾದ ಹಾಗೆ ಸೀಳುತ್ತಾರೆ. ತೊಗಟೆ ಇರುವ ಉರುಟು ತುಂಡಿನ ನೀರು ಎರಡು ತುದಿಯಿಂದ ಮಾತ್ರ ಹೋಗುತ್ತದೆ, ಒಂದು ಬೇಸಿಗೆ ಅದಕ್ಕೆ ಸಾಲದು. ಮೂರು ಇಂಚಿಗಿಂತ ದಪ್ಪ ಬೇಡ, ಉದ್ದ ಹನ್ನೆರಡು ಇಂಚು. ಹಳೆಯ ಅಡಿಕೆ ಮರದ ತುಂಡುಗಳನ್ನು ಅಡಿಗೆ ಹಾಕಿ, ನೆಲದಿಂದ ಅರ್ಧ ಅಡಿ ಎತ್ತರಿಸಿ, ಒಂದೇ ಸಾಲಿನಲ್ಲಿ, ಗೋಡೆಗೆ ತಾಗಿಸದೆ ಒಟ್ಟಿ. ಮಳೆ ಬರುವುದು ಪಡುವಣದಿಂದ, ಆ ಬದಿಗೆ ತಟ್ಟಿ ಕಟ್ಟಿ, ಮೂಡಣ ಬದಿಯನ್ನು ತೆರೆದಿಡಿ. ರಾಶಿಯನ್ನು ಪ್ಲಾಸ್ಟಿಕ್ ತಾಡಪಾಲಿನಿಂದ ನೆಲದವರೆಗೆ ಸುತ್ತಿಬಿಟ್ಟರೆ ಒಳಗೇ ಬೂಷ್ಟು ಹಿಡಿಯುತ್ತದೆ. ಆಷಾಢದ ತೇವದಲ್ಲಿ ಒಣಗಿದ ಕಟ್ಟಿಗೆಯೂ ನೂರಕ್ಕೆ 20ರ ಸುತ್ತಮುತ್ತ ನೀರು ಹೀರಿಕೊಳ್ಳುತ್ತದೆ. ಮಳೆ ನೇರ ಬೀಳದಿದ್ದರೆ ಅದಕ್ಕಿಂತ ಮೇಲೆ ಹೋಗುವುದಿಲ್ಲ, ಉರಿಯಲು ಅಡ್ಡಿಯಿಲ್ಲ.

ಒಣಗಿದೆಯೋ ಇಲ್ಲವೋ ನೋಡಲು ಅಡುಗೆಮನೆಯ ತಕ್ಕಡಿ ಸಾಕು. ರಾಶಿಯ ನಡುವಿನ ಒಂದು ತುಂಡನ್ನು ತೂಗಿ, ಒಲೆಯ ಬಿಸಿ ಗೋಡೆಗೆ ಒರಗಿಸಿ, ತೂಕ ಇಳಿಯುವುದು ನಿಲ್ಲುವವರೆಗೆ ದಿನಾ ತೂಗಿ. ಸಾವಿರ ಗ್ರಾಂ ಇದ್ದದ್ದು 800ಕ್ಕೆ ನಿಂತರೆ ನೀರು ನೂರಕ್ಕೆ 20. 650ಕ್ಕೆ ಇಳಿದರೆ ಆ ರಾಶಿ ಈ ವರ್ಷಕ್ಕೆ ಆಗುವುದಿಲ್ಲ.

ಯಾವ ಮರ ಒಳ್ಳೆಯದು ಎಂದು ಕೇಳಿಲ್ಲ, ಆದರೂ ಹೇಳುತ್ತೇನೆ. ಒಣಗಿದ ಮೇಲೆ ಕಿಲೋ ಲೆಕ್ಕದಲ್ಲಿ ಎಲ್ಲ ಮರದ ಶಾಖವೂ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಇರುವುದು ಬುಟ್ಟಿಯ ಲೆಕ್ಕದಲ್ಲಿ. ಮತ್ತಿ, ಕಿಂದಳ, ಜಂಬೆ, ನೆಡುತೋಪಿನ ಅಕೇಶಿಯಾ ಇವೆಲ್ಲ ಭಾರ, ಕೆಂಡ ಬಹಳ ಹೊತ್ತು ನಿಲ್ಲುತ್ತದೆ. ಕರಾವಳಿಯಲ್ಲಿ ಗಾಳಿಮರ ಅಷ್ಟೇ ಚೆನ್ನ. ಹಾಲುವಾಣ, ಬೂರುಗದಂಥ ಹಗುರ ಮರ ಹಚ್ಚಲಿಕ್ಕೆ ಮಾತ್ರ. ಒಣ ಸೋಗೆಯೂ ಹಾಗೆ. ಅಡಿಕೆ ಸಿಪ್ಪೆಯನ್ನು ಒಲೆಗೆ ಸುರಿದರೆ ಗಾಳಿ ಕಟ್ಟಿ ಬರೀ ಹೊಗೆಯಾಡುತ್ತದೆ. ತೆಂಗಿನ ಸಿಪ್ಪೆಯಲ್ಲಿ ಪೊಟ್ಯಾಷ್ ಹೆಚ್ಚಿರುವುದರಿಂದ ಬೂದಿ ಕರಗಿ ಜಾಲರಿಗೆ ಅಂಟುತ್ತದೆ. ಎರಡನ್ನೂ ತೋಟಕ್ಕೆ ಹಾಕಿ. ತೆಂಗಿನ ಕರಟ ಒಳ್ಳೆಯ ಉರುವಲು, ಒಮ್ಮೆಗೆ ನಾಲ್ಕೈದು ಮಾತ್ರ. ಗೇರು ಬೀಜದ ಸಿಪ್ಪೆಯಲ್ಲಿ ಚರ್ಮ ಸುಡುವ ಎಣ್ಣೆ ಇದೆ, ಅದರ ಹೊಗೆ ಬಾಣಂತಿ ಇರುವ ಮನೆಯ ಹತ್ತಿರ ಸುಳಿಯಬಾರದು. ಕಾರವಾರ, ಅಂಕೋಲಾ, ಹೊನ್ನಾವರದ ಕಡೆಯವರು ಮಳೆಗಾಲದಲ್ಲಿ ಸಮುದ್ರ ತಂದೊಗೆದ ಮರವನ್ನು ಒಣಗಿಸಿ ಉರಿಸುವುದುಂಟು. ಉಪ್ಪು ಹೀರಿದ ಮರ ಉರಿದರೆ ಆಮ್ಲದ ಹೊಗೆ ಬಂದು ಕಬ್ಬಿಣ, ಸ್ಟೀಲ್ ಪೈಪು ಬೇಗ ತೂತು ಬೀಳುತ್ತದೆ, ಹೊಗೆಯೂ ವಿಷ. ಪ್ಲೈವುಡ್, ಬಣ್ಣ ಬಳಿದ ಹಲಗೆಗೂ ಇದೇ ಮಾತು.

ಈ ವರ್ಷಕ್ಕೆ ಜನವರಿಯಲ್ಲಿ ಸೀಳಿದ ಕಟ್ಟಿಗೆ ನಿಮ್ಮಲ್ಲಿ ಇಲ್ಲದಿದ್ದರೆ ಇದ್ದುದರಲ್ಲಿ ಹಳೆಯದನ್ನು ಆರಿಸಿ, ಎರಡು ಇಂಚಿಗೆ ಸೀಳಿ, ಒಲೆಯಿಂದ ಮೂರು ಅಡಿ ದೂರದ ಅಟ್ಟದಲ್ಲಿ ಒಂದು ವಾರದ ಪಾಲನ್ನು ಹರಡಿಡಿ. ಒಲೆಯ ಕಟ್ಟೆಯ ಮೇಲೆಯೇ ಕಟ್ಟಿಗೆ ಪೇರಿಸಬೇಡಿ. ಸಾಮಿಲ್ಲಿನಲ್ಲಿ ಹಳೆ ಮರದ ಅಂಚುಪಟ್ಟಿ ಸಿಕ್ಕರೆ ಕೊಂಡುಬಿಡಿ.

ಉರಿಗೂಡು ಮತ್ತು ಹಂಡೆ

ಈಗ ನಿಮ್ಮ ಹಂಡೆ ಮಣ್ಣು-ಕಲ್ಲಿನ ಗೂಡಿನಲ್ಲಿ ಕತ್ತಿನವರೆಗೆ ಹುಗಿದು ಕೂತಿರಬೇಕು, ಬೆಂಕಿ ಅಡಿಗೆ ಮಾತ್ರ ತಾಗುತ್ತಿರಬೇಕು. ಬೂದಿಯ ಮೇಲೆ ಕಟ್ಟಿಗೆ, ಮುಂದೆ ಒಂದು ಅಡಿ ಅಗಲದ ಬಾಯಿ. ಒಂದು ಕಿಲೋ ಕಟ್ಟಿಗೆಗೆ ಐದಾರು ಕಿಲೋ ಗಾಳಿ ಸಾಕಾಗುವಲ್ಲಿ ಆ ಬಾಯಿ ಅದರ ಎರಡು ಮೂರು ಪಟ್ಟು ತಣ್ಣನೆ ಗಾಳಿಯನ್ನು ಎಳೆದುಕೊಂಡು, ಶಾಖವನ್ನು ಹೊತ್ತು ಚಿಮಣಿಗೆ ಒಯ್ಯುತ್ತದೆ. ಕೆಂಡದ ಅಡಿಗೆ ಮಾತ್ರ ಗಾಳಿ ಸಿಗುವುದಿಲ್ಲ.

ಹೊಸ ಉರಿಗೂಡು ಎಂಟು ಇಂಚು ಚೌಕ. ಗಂಟೆಗೆ ಮೂರು ಕಿಲೋ ಉರಿಸಲು ಅಷ್ಟು ಸಾಕು, ದೊಡ್ಡದು ಮಾಡಿಸಬೇಡಿ. ದೊಡ್ಡ ಗೂಡಿನಲ್ಲಿ ಬೆಂಕಿ ಹರಡಿ ತಣ್ಣಗಾಗುತ್ತದೆ. ಜಾಲರಿ ಎರಕದ್ದಾದರೆ ಒಳ್ಳೆಯದು, ಇಲ್ಲವಾದರೆ 12 ಮಿಲಿಮೀಟರ್ ಸರಳು, ನಡುವೆ ಅಷ್ಟೇ ಸಂದು. ಸರಳನ್ನು ಗೋಡೆಗೆ ಗಾರೆ ಹಾಕಿ ಬಿಗಿಯಬೇಡಿ, ಕಾದಾಗ ಹಿಗ್ಗಿ ಇಟ್ಟಿಗೆಯನ್ನು ಒಡೆಯುತ್ತದೆ. ಎರಡು ತುದಿಗೂ ಕಾಲಿಂಚು ಬಿಟ್ಟು ಕೂರಿಸಿ, ಬೇಕಾದಾಗ ಎತ್ತುವ ಹಾಗಿರಲಿ. ಅದರ ಕೆಳಗೆ ಆರು ಇಂಚು ಎತ್ತರದ ಬೂದಿಗುಂಡಿ, ಅದಕ್ಕೊಂದು ತಗಡಿನ ಬಾಗಿಲು. ಕಟ್ಟಿಗೆ ಬಾಯಿ ಏಳು ಇಂಚು ಚೌಕ, ಮೂರು ಮಿಲಿಮೀಟರ್ ತಗಡಿನ ಬಾಗಿಲು, ಅದರ ಮೇಲ್ಭಾಗದಲ್ಲಿ ಅರ್ಧ ಇಂಚಿನ ಮೂರು ತೂತು. ಕೆಳಗಿನ ಗಾಳಿ ಕೆಂಡಕ್ಕೆ, ಈ ತೂತಿನ ಗಾಳಿ ಜ್ವಾಲೆಗೆ.

ಜಾಲರಿಯಿಂದ ಹಂಡೆಯ ಅಡಿಗೆ ಒಂಬತ್ತರಿಂದ ಹತ್ತು ಇಂಚು ಬಿಡಿ. ಬೆಂಕಿ ಹತ್ತಿರ ಇದ್ದಷ್ಟೂ ಬೇಗ ಕಾಯುತ್ತದೆಂದು ಆರು ಇಂಚಿಗೆ ಇಳಿಸುವವರು ಬಹಳ. ನೀರಿರುವ ತನಕ ತಾಮ್ರ ನೂರು ಡಿಗ್ರಿ ದಾಟುವುದಿಲ್ಲ. ಉರಿದು ಮುಗಿಯದ ಜ್ವಾಲೆ ಆ ತಣ್ಣನೆ ಲೋಹಕ್ಕೆ ಬಡಿದರೆ ಅಲ್ಲೇ ಆರಿ ಮಸಿಯಾಗುತ್ತದೆ. ಹಂಡೆಯ ಅಡಿ ಹೊಳೆಯುವ ಟಾರಿನಂತೆ ಕಪ್ಪಾಗಿದ್ದರೆ ಕಾರಣ ಒಂದೋ ಇದು, ಇಲ್ಲವೇ ಹಸಿ ಕಟ್ಟಿಗೆ. ಬೆರಳಿಗೆ ಹತ್ತುವ ಒಣ ಮಸಿಯಾದರೆ ಚಿಂತೆಯಿಲ್ಲ, ಗುಡಿಸಿದರೆ ಹೋಗುತ್ತದೆ.

ಅಡಿಯನ್ನು ದಾಟಿದ ಬಿಸಿಗಾಳಿ ಹಂಡೆಯ ಮೈ ಸವರಿಕೊಂಡು ಮೇಲೇರಬೇಕು. ಕಟ್ಟಿಗೆ ಉಳಿಸುವುದರಲ್ಲಿ ಇದಕ್ಕಿಂತ ದೊಡ್ಡ ಕೆಲಸವಿಲ್ಲ, ಮೇಸ್ತ್ರಿಗಳು ಕೈಬಿಡುವುದೂ ಇದನ್ನೇ. ಹಂಡೆಯನ್ನು ಮೂರು ಇಟ್ಟಿಗೆ ಮೂಲೆಗಳ ಮೇಲೆ, ತಲಾ ಎರಡು ಇಂಚಷ್ಟೇ ತಾಗುವಂತೆ ಕೂರಿಸಿ. ನೀರು ತುಂಬಿದ ಹಂಡೆ 90 ಕಿಲೋ ದಾಟುತ್ತದೆ, ಇಟ್ಟಿಗೆ ಗಟ್ಟಿಯಾಗಿರಲಿ. ಸುತ್ತ ಗೋಡೆಗೂ ಹಂಡೆಗೂ ನಡುವೆ ಸಂದು ಬಿಟ್ಟು, ಹಂಡೆಯ ಎತ್ತರದ ಮೂರನೇ ಎರಡು ಭಾಗದವರೆಗೆ ಒಯ್ಯಿರಿ. ಅಲ್ಲಿ ಹಿಂಬದಿಗೆ ಚಿಮಣಿಯ ತೂತು, ಅದರ ಮೇಲೆ ಮಣ್ಣು-ಬೂದಿ ಕಲಸಿ ಅಂಚು ಮುಚ್ಚಿ. ಸಂದು ಸುತ್ತಲೂ ಒಂದೇ ಅಳತೆ ಇದ್ದರೆ ಗಾಳಿ ಹತ್ತಿರದ ದಾರಿ ಹಿಡಿದು ಹಿಂಬದಿಯಿಂದಲೇ ಹೊರಟುಹೋಗುತ್ತದೆ, ಮುಂಬದಿ ತಣ್ಣಗೆ ಉಳಿಯುತ್ತದೆ. ಆದ್ದರಿಂದ ಹಿಂದೆ ಅರ್ಧ ಇಂಚು, ಬದಿಗಳಲ್ಲಿ ಮುಕ್ಕಾಲು, ಮುಂದೆ ಒಂದು ಇಂಚು. ಇದಕ್ಕಿಂತ ಕಿರಿದು ಮಾಡಿದರೆ ಇಲ್ಲಣ ಕಟ್ಟಿ ತಿಂಗಳೊಳಗೆ ಒಲೆ ಉಸಿರುಗಟ್ಟುತ್ತದೆ. ವರ್ಷಕ್ಕೆರಡು ಸಲ ಹಂಡೆ ಎತ್ತಿ ಗುಡಿಸುವಂತಿರಬೇಕು. ಸಿಮೆಂಟ್ ಹಾಕಿ ಹೂಳಿಬಿಟ್ಟರೆ ಅದು ಸಾಧ್ಯವಾಗದು.

ಹೀಗೆ ಕಟ್ಟಿದ ಮೇಲೆ ಒಂದು ಅಭ್ಯಾಸ ಬದಲಾಗಬೇಕು. ಬೆಂಕಿ ಇರುವಾಗ ನೀರು ಆ ಮೂರನೇ ಎರಡು ಭಾಗಕ್ಕಿಂತ ಕೆಳಗೆ ಹೋಗಕೂಡದು. ಬರಿದಾದ ಮೈಗೆ ಜ್ವಾಲೆ ತಾಗಿದರೆ ಹಂಡೆಯ ಬೆಸುಗೆ ಬಿಡುತ್ತದೆ. ತೋಡಿದಷ್ಟು ತುಂಬಿಸುತ್ತಲೇ ಇರಿ. ಹಂಡೆಯ ಬದಲು ನಲ್ಲಿ ಇರುವ ಮುಚ್ಚಿದ ಬಾಯ್ಲರ್ ಹಾಕುವ ಯೋಚನೆ ಇದ್ದರೆ ಅದರ ನೆತ್ತಿಯಿಂದ ಆವಿ ಹೋಗುವ ಕೊಳವೆಗೆ ವಾಲ್ವ್, ಬಿರಡೆ ಯಾವುದೂ ಇರಬಾರದು. ಅದು ಕಟ್ಟಿದರೆ ಬಾಯ್ಲರ್ ಸಿಡಿಯುತ್ತದೆ.

ಕಟ್ಟುವ ಸಾಮಗ್ರಿಯಲ್ಲಿ ನಮ್ಮ ಕಡೆ ಆಗುವ ತಪ್ಪು ಚಿರೆಕಲ್ಲಿನದು. ಹೊರಗೋಡೆಗೆ ಅದು ಚೆನ್ನ, ನೇರ ಬೆಂಕಿಗೆ ಬಿರುಕು ಬಿಟ್ಟು ಉದುರುತ್ತದೆ. ಒಳಮೈಗೆ ಚೆನ್ನಾಗಿ ಸುಟ್ಟ ಇಟ್ಟಿಗೆ, ಫೈರ್ ಬ್ರಿಕ್ ಸಿಕ್ಕರೆ ಇನ್ನೂ ಒಳ್ಳೆಯದು. ಗಾರೆಗೆ ಸಿಮೆಂಟ್ ಬೇಡ. 300–400 ಡಿಗ್ರಿ ದಾಟಿದರೆ ಅದರ ಬಂಧ ಸಡಿಲವಾಗುತ್ತದೆ. ಹುತ್ತದ ಮಣ್ಣಿಗೆ ಮರಳು ಬೆರೆಸಿ. ಪ್ರಮಾಣ ಮಣ್ಣಿನಿಂದ ಮಣ್ಣಿಗೆ ಬೇರೆ, ಹಾಗಾಗಿ ಉಂಡೆ ಕಟ್ಟಿ ಒಣಗಿಸಿ ನೋಡುವುದೇ ದಾರಿ: ಬಿರಿದರೆ ಮರಳು ಸಾಲದು, ಬೆರಳಲ್ಲಿ ಪುಡಿಯಾದರೆ ಮಣ್ಣು ಸಾಲದು. ಒಳ ಇಟ್ಟಿಗೆಗೂ ಹೊರಗಿನ ಚಿರೆಕಲ್ಲಿಗೂ ನಡುವೆ ಒಂದು ಬೆರಳು ಜಾಗ ಬಿಟ್ಟು ಒಣ ಬೂದಿ ತುಂಬಿದರೆ ಶಾಖ ಹೊರಗೆ ಸೋರುವುದಿಲ್ಲ. ಕೋಣೆಯ ಬದಿಯಲ್ಲಿ ಮಾತ್ರ ಬೂದಿ ಬೇಡ. ಅಲ್ಲಿ ಒಲೆಯ ಇಟ್ಟಿಗೆಯನ್ನು ಮಣ್ಣು ಗಾರೆಯಲ್ಲಿ ಗೋಡೆಗೆ ಒತ್ತಿ ಕಟ್ಟಿ, ಶಾಖ ದಾಟಬೇಕಾದದ್ದು ಅಲ್ಲಿಯೇ. ಆ ನಡುಗೋಡೆ ಒಂಬತ್ತು ಇಂಚು ಇರಲಿ, ಎರಡೂ ಬದಿಗೆ ಗಿಲಾಯಿ ಆಗಿರಲಿ, ಅದರಲ್ಲಿ ತೂತು, ವೈರಿನ ಪೈಪು ಏನೂ ಇರಬಾರದು. ಹೊಗೆಯ ದಾರಿಯನ್ನು ಕೋಣೆಯ ಗೋಡೆಯೊಳಗೆ ತಿರುಗಿಸಿದರೆ ಇನ್ನೂ ಬೆಚ್ಚಗಾಗುತ್ತದೆಂದು ಯಾರಾದರೂ ಹೇಳಿಯಾರು. ಬಾಣಂತಿ ಮಲಗುವ ಕೋಣೆಗೆ ಅದು ಬೇಡ, ಒಂದು ಕೂದಲೆಳೆಯ ಬಿರುಕು ಸಾಕು ವಿಷಾನಿಲ ಒಳಬರಲು. ಮಂಚವನ್ನು ಆ ಗೋಡೆಯಿಂದ ಒಂದು ಅಡಿ ದೂರವಿಡಿ.

ಕಟ್ಟಿದ ಮೇಲೆ ಎರಡು ವಾರ ತಾನಾಗಿ ಒಣಗಲಿ. ಆಮೇಲೆ ಒಂದು ವಾರ ದಿನಕ್ಕೊಮ್ಮೆ ನಾಲ್ಕು ಕಡ್ಡಿಯ ಸಣ್ಣ ಬೆಂಕಿ. ನವೆಂಬರ್ ಕೊನೆಗೆ ಒಲೆ ಬೇಕೆಂದರೆ ಮೇಸ್ತ್ರಿ ಅಕ್ಟೋಬರ್ ನಡುವಿಗೇ ಬರಬೇಕು; ಅಡಿಕೆ ಕೊಯ್ಲು ಶುರುವಾದರೆ ಆಳು ಸಿಗುವುದು ಎಷ್ಟು ಕಷ್ಟವೆಂದು ನಿಮಗೇ ಗೊತ್ತು.

ಚಿಮಣಿ

ನಿಮ್ಮದು ನಾಲ್ಕು ಇಂಚಿನ ಸಿಮೆಂಟ್ ಪೈಪು ಎಂದು ಊಹಿಸುತ್ತೇನೆ. ಈ ಒಲೆಗೆ ಆರು ಇಂಚು ಬೇಕು. ಹಳೆಯ ಸಿಮೆಂಟ್ ಪೈಪಿನಲ್ಲಿ ಆಸ್ಬೆಸ್ಟಾಸ್ ಎಳೆ ಇರುತ್ತದೆ, ಜೋರು ಬಿಸಿಗೆ ಅದು ಸಿಡಿದು ಒಡೆಯುವುದೂ ಉಂಟು. ತೆಗೆಸುವಾಗ ಗರಗಸ ಹಾಕಿ ಕೊಯ್ಯಬೇಡಿ, ಒದ್ದೆ ಮಾಡಿ ಇಡಿಯಾಗಿ ಇಳಿಸಿ. ಸತು ಲೇಪಿಸಿದ ಜಿಐ ಪೈಪನ್ನು ಒಲೆಯ ಹತ್ತಿರ ಹಾಕಬಾರದು. ಸತು 419 ಡಿಗ್ರಿಗೆ ಕರಗುತ್ತದೆ, ಅದರ ಹೊಗೆ ಒಳ್ಳೆಯದಲ್ಲ. ಮೊದಲ ನಾಲ್ಕೈದು ಅಡಿ ಇಟ್ಟಿಗೆ ಗೂಡು ಅಥವಾ ಎರಡು ಮಿಲಿಮೀಟರ್ ದಪ್ಪದ ಕಬ್ಬಿಣದ ಪೈಪು, ಮೇಲೆ ಸ್ಟೇನ್‌ಲೆಸ್ ಸ್ಟೀಲ್.

ಹೊಗೆ 120 ಡಿಗ್ರಿಗಿಂತ ತಣ್ಣಗಾದರೆ ಅದರಲ್ಲಿನ ಆವಿ ಮತ್ತು ಟಾರು ಪೈಪಿನ ಒಳಮೈಯಲ್ಲಿ ಬೆವರುತ್ತದೆ. ಶಿರಸಿಯ ಮಳೆಯಲ್ಲಿ ಒಂಟಿ ತಗಡಿನ ಪೈಪು ಹೊರಗೆ ನಿಂತರೆ ತಣ್ಣಗಾಗದೆ ಇದ್ದೀತೇ? ಆದಷ್ಟು ಉದ್ದ ಮನೆಯೊಳಗೇ ಏರಿಸಿ. ಹೊರಗಿನ ಭಾಗಕ್ಕೆ ಎಂಟು ಇಂಚಿನ ಇನ್ನೊಂದು ಪೈಪನ್ನು ಕವಚವಾಗಿ ಹಾಕಿ, ನಡುವಿನ ಒಂದು ಇಂಚಿಗೆ ರಾಕ್‌ವುಲ್ (ಶಾಖ ತಡೆಯುವ ಕಲ್ಲಿನ ಎಳೆಯ ಹತ್ತಿ) ತುಂಬಿ. ಚೆನ್ನಾಗಿ ಸುಟ್ಟ ಭತ್ತದ ಹೊಟ್ಟಿನ ಬೂದಿಯೂ ಆಗುತ್ತದೆ, ಮೇಲ್ತುದಿಯಲ್ಲಿ ನೀರು ಇಳಿಯದಂತೆ ಬೆಸುಗೆ ಹಾಕಿಸಬೇಕು ಅಷ್ಟೆ. ಜೋಡಣೆಯಲ್ಲಿ ಮೇಲಿನ ಪೈಪಿನ ತುದಿ ಕೆಳಗಿನ ಪೈಪಿನೊಳಗೆ ಇಳಿದಿರಬೇಕು. ವೆಲ್ಡರುಗಳು ಹೊಗೆ ಸರಾಗ ಹೋಗಲೆಂದು ಇದನ್ನು ಉಲ್ಟಾ ಮಾಡುತ್ತಾರೆ, ಆಗ ಒಳಗಿನ ಟಾರು ಪ್ರತಿ ಜೋಡಣೆಯಲ್ಲೂ ಹೊರಬಂದು ಗೋಡೆಗೆ ಇಳಿಯುತ್ತದೆ. ನಿಮ್ಮ ಗೋಡೆಯ ಕಪ್ಪು ಗೆರೆಗೆ ಇದೂ ಒಂದು ಕಾರಣವಿರಬಹುದು, ನೋಡಿ. ಅಡ್ಡ ಓಟ ಎರಡು ಅಡಿಗಿಂತ ಹೆಚ್ಚು ಬೇಡ, ತಿರುವು ಎರಡಕ್ಕಿಂತ ಹೆಚ್ಚು ಬೇಡ. ಬುಡದಲ್ಲಿ ಒಂದು ಟೀ (T ಆಕಾರದ ಪೈಪಿನ ತುಂಡು) ಜೋಡಿಸಿ, ಅದಕ್ಕೆ ತೆಗೆಯುವ ಮುಚ್ಚಳ ಇರಲಿ, ಗುಡಿಸಿದ ಮಸಿ ಅಲ್ಲಿಂದ ಬರುತ್ತದೆ.

ಮಾಡು ದಾಟುವಲ್ಲಿ ಒಂಟಿ ಪೈಪಿಗೂ ಪಕಾಸು-ರೀಪಿಗೂ ನಡುವೆ ಹದಿನೆಂಟು ಇಂಚು ಬಿಡಬೇಕು. ಮರವನ್ನು ಅಷ್ಟು ಸರಿಸಲು ಆಗದಿದ್ದರೆ ಕವಚದ ಪೈಪನ್ನು ಅಲ್ಲಿಂದಲೇ ಶುರುಮಾಡಿ, ಮರದಿಂದ ಆಗಲೂ ಕನಿಷ್ಠ ಆರು ಇಂಚು ದೂರ. ಎರಡು ಅಡಿ ಚೌಕದ ತಗಡನ್ನು ಮೇಲಿನ ಹಂಚಿನ ಅಡಿಗೆ, ಕೆಳಗಿನ ಹಂಚಿನ ಮೇಲಕ್ಕೆ ಬರುವಂತೆ ಸೇರಿಸಿದರೆ ನೀರು ಸೋರುವುದಿಲ್ಲ. ಚಿಮಣಿಯ ಎತ್ತರ, ಅದು ಮಾಡನ್ನು ತೂರಿದ ಜಾಗದಿಂದ ಮೂರು ಅಡಿ, ಹತ್ತು ಅಡಿಯೊಳಗಿನ ಯಾವುದೇ ಎತ್ತರಕ್ಕಿಂತ ಎರಡು ಅಡಿ ಮೇಲೆ. ತೋಟದ ಅಂಚಿನ ಮನೆಗಳ ಹಿಂದೆ ಸಾಮಾನ್ಯವಾಗಿ ಗುಡ್ಡ ಇರುತ್ತದೆ. ಅಲ್ಲಿಂದ ಗಾಳಿ ಉರುಳಿ ಕೆಳಗೆ ಬಿದ್ದು ಹೊಗೆಯನ್ನು ವಾಪಸ್ಸು ತಳ್ಳುತ್ತಿದ್ದರೆ ಇನ್ನೆರಡು ಅಡಿ ಏರಿಸಬೇಕಾದೀತು. ಕರಾವಳಿಯಲ್ಲಿ ಮಧ್ಯಾಹ್ನದ ಕಡಲಗಾಳಿಗೆ ಇದೇ ತೊಂದರೆ ಆಗುತ್ತದೆ. ಟೋಪಿಗೂ ಪೈಪಿನ ಬಾಯಿಗೂ ನಡುವೆ ಆರು ಇಂಚು ಬಿಡಿ. ಸಣ್ಣ ಕಣ್ಣಿನ ಜಾಲರಿ ಹಾಕಿದರೆ ಟಾರು ಕಟ್ಟಿ ಮುಚ್ಚುತ್ತದೆ, ಅರ್ಧ ಇಂಚಿನದು ಸಾಕು. ಪಕ್ಕದ ದನದ ಕೊಟ್ಟಿಗೆಗೆ ಸೋಗೆ ಹೊದೆಸಿದ್ದರೆ ಈ ಜಾಲರಿಯನ್ನು ತಪ್ಪಿಸಬೇಡಿ.

ಮಳೆಗಾಲದಲ್ಲಿ ಎರಡು ತಿಂಗಳಿಗೊಮ್ಮೆ, ಬೇಸಿಗೆಯಲ್ಲಿ ಒಮ್ಮೆ, ಹಗ್ಗಕ್ಕೆ ಕಟ್ಟಿದ ತಂತಿ ಬ್ರಷ್ಷನ್ನು ಮೇಲಿಂದ ಇಳಿಸಿ ಗುಡಿಸಿ. ಒಳಗಿನ ಪದರ ಕಾಲು ಇಂಚು ಆಗಲು ಬಿಡಬಾರದು, ಅದು ಹೊತ್ತಿಕೊಂಡರೆ ಸಾವಿರ ಡಿಗ್ರಿ ದಾಟುತ್ತದೆ. ಚಿಮಣಿಯೊಳಗೆ ಗುಡುಗಿದಂಥ ಸದ್ದು ಬಂದರೆ ಒಲೆಯ ಎರಡೂ ಬಾಗಿಲು ಬಿಗಿಯಾಗಿ ಮುಚ್ಚಿ, ಎಲ್ಲರನ್ನೂ ಹೊರಗೆ ಕರೆದು 101ಕ್ಕೆ ಫೋನ್ ಮಾಡಿ. ಪೈಪಿನೊಳಗೆ ನೀರು ಸುರಿಯಬಾರದು, ಸುತ್ತಲಿನ ಮಾಡನ್ನು ತೋಯಿಸಿ.

ಹಚ್ಚುವುದು, ಆರಿಸುವುದು

ಬುಡಕ್ಕೆ ಬೆಂಕಿ ಇಟ್ಟು ಮೇಲೆ ಕಟ್ಟಿಗೆ ತುರುಕುವ ಬದಲು, ಜಾಲರಿಯ ಮೇಲೆ ಮೂರು ಇಂಚಿನ ಎರಡು ತುಂಡನ್ನು ಒಂದು ಇಂಚು ಬಿಟ್ಟು ಇಡಿ, ಅದರ ಮೇಲೆ ಅಡ್ಡಲಾಗಿ ಸಣ್ಣವು, ತುದಿಗೆ ಚಕ್ಕೆ ಮತ್ತು ಒಣ ಸೋಗೆ. ಬೆಂಕಿ ಮೇಲಿನಿಂದ ಹಚ್ಚಿ. ಕೆಳಗಿನ ಮರ ಬಿಟ್ಟ ಅನಿಲ ಜ್ವಾಲೆಯ ಮೂಲಕವೇ ಹಾದು ಉರಿದುಹೋಗುತ್ತದೆ. ಮೊದಲ ಹತ್ತು ನಿಮಿಷ ಬೂದಿಬಾಗಿಲು ಪೂರ್ತಿ ತೆರೆದಿರಲಿ. ಆಮೇಲೆ ಕಟ್ಟಿಗೆ ಬಾಗಿಲು ಮುಚ್ಚಿ, ಬೂದಿಬಾಗಿಲಿನಿಂದಲೇ ಗಾಳಿ ಹೊಂದಿಸಿ. ಚಳಿಯಲ್ಲಿ ಚಿಮಣಿ ತಣ್ಣಗಿದ್ದು ಹೊಗೆ ಮರಳುತ್ತಿದ್ದರೆ ಟೀ ಮುಚ್ಚಳ ತೆಗೆದು ಒಂದು ಹಿಡಿ ಕಾಗದ ಉರಿಸಿ ಮುಚ್ಚಿ, ಎಳೆತ ಶುರುವಾಗುತ್ತದೆ. ಮನೆಯ ಎಕ್ಸಾಸ್ಟ್ ಫ್ಯಾನ್ ಓಡುತ್ತಿದ್ದರೆ ಅದನ್ನು ಮೊದಲು ಆರಿಸಿ.

ಜ್ವಾಲೆ ಇಳಿದು ಕೆಂಡ ಮಾತ್ರ ಉಳಿದಾಗ ಬೂದಿಬಾಗಿಲನ್ನು ಒಂದು ಬೆರಳಷ್ಟು ಬಿಟ್ಟು ಮುಚ್ಚಿ. ಪೂರ್ತಿ ಮುಚ್ಚಬೇಡಿ, ಚಿಮಣಿಗೆ ಡ್ಯಾಂಪರ್, ಅಂದರೆ ಎಳೆತ ತಗ್ಗಿಸುವ ತಿರುಗು ತಗಡು, ಹಾಕಿಸಿದರೆ ಅದರಲ್ಲಿ ಕಾಲು ಭಾಗ ಕತ್ತರಿಸಿ ತೆಗೆಸಿ. ಹೊಗೆ ಕಾಣದ ಈ ಹೊತ್ತಿನಲ್ಲೇ ಕಾರ್ಬನ್ ಮಾನಾಕ್ಸೈಡ್ ಹೆಚ್ಚು. ಒಲೆಯ ಬಾಯಿ ಬಚ್ಚಲೊಳಗಿದ್ದರೆ ಈ ರಿಪೇರಿಯಲ್ಲೇ ಹಿತ್ತಿಲ ಕಡೆಗೆ ತಿರುಗಿಸಿ, ಆಗದಿದ್ದರೆ ಒಂದು ಅಡಿ ಚೌಕದ ಮುಚ್ಚಲಾಗದ ಜಾಲಂದರ ಇಡಿಸಿ. ಬಾಣಂತಿ ಕೋಣೆಯಲ್ಲಿ ಬ್ಯಾಟರಿಯ ಕಾರ್ಬನ್ ಮಾನಾಕ್ಸೈಡ್ ಅಲಾರಂ ಒಂದಿರಲಿ, ಆನ್‌ಲೈನ್‌ನಲ್ಲಿ ಸಿಗುತ್ತದೆ. ಗೋಡೆಯ ಬಿಸಿ ಸಾಲದ ಒಂದೆರಡು ವಾರಕ್ಕೆ ಎಣ್ಣೆ ತುಂಬಿದ ವಿದ್ಯುತ್ ಹೀಟರ್ ಇಡುವುದು ಯಾವ ಕಬ್ಬಿಣದ ಒಲೆಗಿಂತಲೂ ಅಗ್ಗ. ಹಂಡೆಯ 60 ಡಿಗ್ರಿ ನೀರು ಕೆಲವೇ ಸೆಕೆಂಡಿನಲ್ಲಿ ಚರ್ಮ ಸುಡುತ್ತದೆ; ಮಗುವಿನ ನೀರು 37–38 ಡಿಗ್ರಿ ಇರಲಿ, ಮೊದಲು ತಣ್ಣೀರು ಹಾಕಿ ಆಮೇಲೆ ಬಿಸಿನೀರು ಬೆರೆಸಿ.

ಬೂದಿಯನ್ನು ಮರುದಿನ ತೆಗೆದರೂ ಅದರೊಳಗೆ ಕೆಂಡ ಇರಬಹುದು. ಮುಚ್ಚಳದ ಕಬ್ಬಿಣದ ಡಬ್ಬಿಗೆ ತುಂಬಿ, ಮೂರು ನಾಲ್ಕು ದಿನ ಮನೆಯಿಂದ ಹೊರಗೆ, ಮಣ್ಣಿನ ನೆಲದ ಮೇಲೆ ಇಡಿ. ಆಮೇಲೆ ತೆಂಗು, ಬಾಳೆಯ ಬುಡಕ್ಕೆ ಹಾಕಬಹುದು. ಹಸಿ ಸಗಣಿ, ಗಂಜಲ ಅಥವಾ ಯೂರಿಯಾದ ಜೊತೆ ಮಾತ್ರ ಬೆರೆಸಬೇಡಿ, ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ.